ಎರಡು ನದಿಗಳ ಮೂಲೆಯ ಊರು: ಕೇರೋ ಯಾಕೆ ಖಾಲಿಯಾಯ್ತು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬ್‌ನಲ್ಲಿ ಓದಿಕೊಳ್ತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೋದಲ್ಲಿ ಮ್ಯಾಪ್ ತೋರಿಸಿದ ಕಡೆ ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.

ಫೋನಿನಲ್ಲಿ ಅಮೆರಿಕದ ಮ್ಯಾಪ್ ತೆಗೆಯಿರಿ. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ದೊಡ್ಡ ನದಿ ಮಿಸಿಸಿಪ್ಪಿ. ಪೂರ್ವದಲ್ಲಿ ಪಿಟ್ಸ್‌ಬರ್ಗ್ ಕಡೆಯಿಂದ ಹರಿದು ಬರೋದು ಓಹಾಯೋ. ಇವೆರಡೂ ಸೇರುವ ಜಾಗಕ್ಕೆ ಝೂಮ್ ಮಾಡಿ. ಅದು ಇಲಿನಾಯ್ ರಾಜ್ಯದ ತುತ್ತತುದಿ. ನಾಲಿಗೆ ಚಾಚಿದ ಹಾಗೆ ಎರಡು ನದಿಗಳ ನಡುವೆ ಒಂದು ಚೂಪಾದ ನೆಲ. ಎಡಕ್ಕೆ ನದಿ ದಾಟಿದರೆ ಮಿಸೌರಿ, ಬಲಕ್ಕೆ ದಾಟಿದರೆ ಕೆಂಟಕಿ. ಆ ನಾಲಿಗೆಯ ಮೇಲೆ ಒಂದು ಸಣ್ಣ ಊರಿದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಈಜಿಪ್ಟಿನ ಕೈರೋ ಹೆಸರೇ. ಆದರೆ ಊರಿನವರು ಹಾಗೆ ಕರೆಯಲ್ಲ, 'ಕೇರೋ' ಅಂತಾರೆ. ಅಂದಂತೆಯೇ ಬರೆಯೋದು ಕನ್ನಡದ ರೂಢಿ, ಹಾಗಾಗಿ ನಾನೂ ಕೇರೋ ಅಂತಲೇ ಬರೀತೀನಿ.

ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಫ್ಲಾಟ್ ನೋಡೋಕೆ ಹೋದರೆ ಬ್ರೋಕರ್ ಬಾಯಿಂದ ಬರೋ ಮೊದಲ ಮಾತು ಲೊಕೇಶನ್. ಕೇರೋದ ಲೊಕೇಶನ್‌ಗಿಂತ ಒಳ್ಳೇದು ಇಡೀ ಖಂಡದಲ್ಲಿ ಹುಡುಕೋದು ಕಷ್ಟ. ರೈಲು, ಲಾರಿ ಇಲ್ಲದ ಕಾಲದಲ್ಲಿ ನದಿಯೇ ಹೆದ್ದಾರಿ. ದೇಶದ ಎರಡು ದೊಡ್ಡ ಹೆದ್ದಾರಿಗಳು ಕೂಡುವ ಜಂಕ್ಷನ್ ಇದು. ಚಳಿಗಾಲದಲ್ಲಿ ಮೇಲಿನ ಮಿಸಿಸಿಪ್ಪಿ ಹೆಪ್ಪುಗಟ್ಟಿದರೂ ಇಲ್ಲಿಂದ ಕೆಳಗೆ, ನ್ಯೂ ಆರ್ಲಿಯನ್ಸ್‌ವರೆಗೆ, ಸಾಮಾನ್ಯವಾಗಿ ದೋಣಿ ಓಡಿಸಬಹುದಿತ್ತು.

ಈಗ ಎರಡು ಅಂಕಿ ನೋಡಿ. 1920ರ ಜನಗಣತಿಯಲ್ಲಿ ಕೇರೋದ ಜನಸಂಖ್ಯೆ 15,203. 2020ರಲ್ಲಿ 1,733. ನೂರು ವರ್ಷದಲ್ಲಿ ನೂರರಲ್ಲಿ ಎಂಬತ್ತೊಂಬತ್ತು ಪಾಲು ಜನ ಇಲ್ಲ. ಯುದ್ಧ ಆಗಲಿಲ್ಲ, ಭೂಕಂಪ ಆಗಲಿಲ್ಲ, ನದಿ ದಿಕ್ಕು ಬದಲಿಸಲಿಲ್ಲ. ಸಂಗಮ ಇವತ್ತೂ ಅಲ್ಲೇ ಇದೆ. ಹಾಗಾದರೆ ಜನ ಯಾಕೆ ಹೋದರು?

ಇದಕ್ಕೊಂದು ರೆಡಿಮೇಡ್ ಉತ್ತರ ಇದೆ: "1960ರ ದಶಕದ ಕೊನೆಯಲ್ಲಿ ಕಪ್ಪು ಜನ ಅಂಗಡಿಗಳನ್ನು ಬಹಿಷ್ಕರಿಸಿದರು, ಗಲಾಟೆ ಆಯ್ತು, ಊರು ಸತ್ತುಹೋಯ್ತು." ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಜನಗಣತಿಯ ಕಾಲಂ ಬೇರೆ ಕಥೆ ಹೇಳುತ್ತೆ. ಅದನ್ನೇ ಇವತ್ತು ನೋಡೋಣ. ಮೊದಲಿನಿಂದ ಶುರು ಮಾಡ್ತೀನಿ.

ಊರು ಹುಟ್ಟುವ ಮೊದಲೇ ಬ್ಯಾಂಕು

1803ರ ನವೆಂಬರ್‌ನಲ್ಲಿ ಪಶ್ಚಿಮದ ಕಡೆ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಈ ಸಂಗಮದಲ್ಲಿ ಕೆಲವು ದಿನ ಬೀಡುಬಿಟ್ಟು ಅಳತೆ ತೆಗೆದುಕೊಂಡರು. 1818ರಲ್ಲಿ ಜಾನ್ ಕೊಮೆಗಿಸ್ ಎಂಬ ವ್ಯಾಪಾರಿ ಇಲ್ಲಿ 1,800 ಎಕರೆಯಷ್ಟು ಜಾಗ ಹಿಡಿದ. ಎರಡು ನದಿ, ಪ್ರವಾಹ ತಂದ ಕಪ್ಪು ಮಣ್ಣು... ನೈಲ್ ನದಿಯ ದಡದ ನಗರ ನೆನಪಾಗಿ ಅದೇ ಹೆಸರಿಟ್ಟ. ಇಲಿನಾಯ್ ಇನ್ನೂ ರಾಜ್ಯವೇ ಆಗಿರಲಿಲ್ಲ, ಆಗಲೇ ಅಲ್ಲಿನ ಶಾಸನಸಭೆ ಕೇರೋ ನಗರಕ್ಕೂ ಕೇರೋ ಬ್ಯಾಂಕಿಗೂ ಒಟ್ಟಿಗೇ ಪರವಾನಗಿ ಕೊಟ್ಟಿತು. ನಗರ ಮಾತ್ರ ಕಾಗದದ ಮೇಲಿತ್ತು. ಒಂದೆರಡು ವರ್ಷದಲ್ಲಿ ಕೊಮೆಗಿಸ್ ತೀರಿಕೊಂಡ, ಯೋಜನೆ ಬಿದ್ದುಹೋಯ್ತು.

ಎರಡನೇ ಪ್ರಯತ್ನ 1837ರದ್ದು. ಡೇರಿಯಸ್ ಹೋಲ್‌ಬ್ರುಕ್ ಅನ್ನೋ ಮಾತುಗಾರ ಕೇರೋ ಸಿಟಿ ಅಂಡ್ ಕೆನಾಲ್ ಕಂಪನಿ ಶುರು ಮಾಡಿದ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಪಿಚ್ ಡೆಕ್ ಚೆನ್ನಾಗಿತ್ತು. ಲಂಡನ್ನಿನಲ್ಲಿ ಬಾಂಡ್ ಮಾರಿ ದುಡ್ಡು ಎತ್ತಿದರು. ಏರಿ ಕಟ್ಟಿದರು, ವರ್ಕ್‌ಶಾಪ್ ಕಟ್ಟಿದರು, ಹೋಟೆಲ್ ಕಟ್ಟಿದರು. ಆದರೆ ಕಂಪನಿ ಒಂದು ವಿಚಿತ್ರ ನಿಯಮ ಇಟ್ಟಿತ್ತು: ನಿವೇಶನ ಮಾರಲ್ಲ, ಲೀಸ್‌ಗೆ ಮಾತ್ರ ಕೊಡ್ತೀವಿ. ಯಾರದ್ದೋ ನೆಲದಲ್ಲಿ ಮನೆ ಕಟ್ಟೋಕೆ ಯಾರು ಬರ್ತಾರೆ ಹೇಳಿ. 1840ರಲ್ಲಿ ಲಂಡನ್ನಿನ ಬ್ಯಾಂಕಿಂಗ್ ಸಂಸ್ಥೆ ಮುಳುಗಿತು, ಅದರ ಜೊತೆ ಕೇರೋ ಕೂಡ. ಬಂದಿದ್ದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು.

ಹೀಗೆ ಪಾಳುಬಿದ್ದಿದ್ದಾಗಲೇ, 1842ರ ಏಪ್ರಿಲ್‌ನಲ್ಲಿ, ಚಾರ್ಲ್ಸ್ ಡಿಕೆನ್ಸ್ ಸ್ಟೀಮರ್‌ನಲ್ಲಿ ಇಲ್ಲಿಗೆ ಬಂದ. ಕೊಳೆತ ಜೌಗು, ಅರ್ಧ ಕಟ್ಟಿದ ಮನೆಗಳು, ಜ್ವರ. ಪ್ರವಾಸ ಕಥನದಲ್ಲಿ ಊರನ್ನು ನಿರ್ದಯವಾಗಿ ಬೈದ. ಆಮೇಲೆ 'ಮಾರ್ಟಿನ್ ಚಜಲ್‌ವಿಟ್' ಕಾದಂಬರಿಯಲ್ಲಿ ನಂಬಿಸಿ ಮಾರುವ 'ಈಡನ್' ಅನ್ನೋ ಬೋಗಸ್ ಊರು ಬರುತ್ತಲ್ಲ, ಅದಕ್ಕೆ ಮೂಲ ಕೇರೋ ಅಂತಲೇ ವಿಮರ್ಶಕರು ಹೇಳ್ತಾರೆ. 1850ರ ಜನಗಣತಿಯಲ್ಲಿ ಊರಿನ ಒಟ್ಟು ಜನ 242.

ರೈಲು ಬಂತು, ಯುದ್ಧ ಬಂತು

ಊರನ್ನು ಎಬ್ಬಿಸಿದ್ದು ರೈಲು. 1850ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮೊದಲ ಬಾರಿ ರೈಲು ಮಾರ್ಗಕ್ಕಾಗಿ ಸರ್ಕಾರಿ ಭೂಮಿ ಕೊಟ್ಟಿತು. ಅದರಿಂದ ಹುಟ್ಟಿದ್ದು ಇಲಿನಾಯ್ ಸೆಂಟ್ರಲ್ ರೈಲ್ವೆ. 1856ರಲ್ಲಿ ಮುಗಿದಾಗ 705 ಮೈಲಿ, ಆಗ ಜಗತ್ತಿನ ಅತಿ ಉದ್ದದ ರೈಲು ಮಾರ್ಗ. ಅದರ ದಕ್ಷಿಣದ ಕೊನೆಯ ನಿಲ್ದಾಣ ಕೇರೋ. ಅಷ್ಟರಲ್ಲಿ ನಿವೇಶನಗಳನ್ನೂ ಮಾರೋಕೆ ಶುರು ಮಾಡಿದ್ದರು. 1860ಕ್ಕೆ ಜನಸಂಖ್ಯೆ 2,188.

ಇಲ್ಲೊಂದು ಸೂಕ್ಷ್ಮ ಇದೆ. ಅದೇ ರೈಲ್ವೆಯ ಇನ್ನೊಂದು ಕವಲು ಶಿಕಾಗೋಗೆ ಹೋಯ್ತು. 1850ರಲ್ಲಿ ಸುಮಾರು 30,000 ಜನ ಇದ್ದ ಶಿಕಾಗೋ 1860ಕ್ಕೆ 1,12,000 ದಾಟಿತು. ನದಿಯ ಜಂಕ್ಷನ್ ಕೇರೋದಲ್ಲಿತ್ತು, ಆದರೆ ರೈಲಿನ ಜಂಕ್ಷನ್ ಶಿಕಾಗೋದಲ್ಲಿ ಬೆಳೀತಾ ಇತ್ತು. ಆಗ ಅದು ಯಾರಿಗೂ ಕಾಣಿಸುವಂತಿರಲಿಲ್ಲ, ಯಾಕಂದ್ರೆ ಕೇರೋ ಕೂಡ ಬೆಳೀತಿತ್ತು.

1861ರಲ್ಲಿ ಅಂತರ್ಯುದ್ಧ. ಇಲಿನಾಯ್ ಗುಲಾಮಗಿರಿ ಇಲ್ಲದ ರಾಜ್ಯ. ನದಿಯಾಚೆಯ ಮಿಸೌರಿ, ಕೆಂಟಕಿ ಎರಡರಲ್ಲೂ ಗುಲಾಮಗಿರಿ ಇತ್ತು. ಅಂದರೆ ಕೇರೋ ಉತ್ತರದವರ ನೆಲ ದಕ್ಷಿಣದೊಳಗೆ ಚುಚ್ಚಿಕೊಂಡಿದ್ದ ಮೊಳೆ. ದಕ್ಷಿಣದವರ ರಾಜಧಾನಿಯಾಗಿದ್ದ ರಿಚ್ಮಂಡ್‌ಗಿಂತಲೂ ಇದು ದಕ್ಷಿಣಕ್ಕಿದೆ! 1861ರ ಸೆಪ್ಟೆಂಬರ್‌ನಲ್ಲಿ ಯುಲಿಸಿಸ್ ಗ್ರಾಂಟ್ ಇಲ್ಲಿ ತಳವೂರಿದ. ಸಂಗಮದ ತುದಿಯಲ್ಲಿ ಫೋರ್ಟ್ ಡಿಫಾಯನ್ಸ್ ಅನ್ನೋ ಕೋಟೆ. 1862ರ ಫೆಬ್ರವರಿಯಲ್ಲಿ ಫೋರ್ಟ್ ಹೆನ್ರಿ, ಫೋರ್ಟ್ ಡೊನಲ್ಸನ್ ಗೆಲ್ಲೋಕೆ ಸೈನ್ಯ ಹೊರಟಿದ್ದು ಇಲ್ಲಿಂದಲೇ.

ಸೈನ್ಯದ ಹಿಂದೆಯೇ ಇನ್ನೊಂದು ಜನಪ್ರವಾಹ ಬಂತು. ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡ, ಬಿಡುಗಡೆಯಾದ ಸಾವಿರಾರು ಕಪ್ಪು ಜನ. ಅವರಿಗಾಗಿ ಇಲ್ಲಿ ಶಿಬಿರ ತೆರೆದರು. ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್ ಕಾದಂಬರಿ ಓದಿದವರಿಗೆ ನೆನಪಿರಬಹುದು. ಗುಲಾಮಗಿರಿಯಿಂದ ಓಡಿಹೋಗುತ್ತಿದ್ದ ಜಿಮ್ ತೆಪ್ಪದಲ್ಲಿ ಕೂತು ಹುಡುಕೋದು ಕೇರೋವನ್ನೇ. ಅಲ್ಲಿಂದ ಓಹಾಯೋ ನದಿ ಹಿಡಿದು ಸ್ವತಂತ್ರ ರಾಜ್ಯಗಳಿಗೆ ಹೋಗೋ ಪ್ಲಾನ್. ಮಂಜಿನಲ್ಲಿ ಊರು ತಪ್ಪಿಹೋಗುತ್ತೆ. ನಿಜ ಜೀವನದಲ್ಲಿ ಊರು ತಪ್ಪದೆ ಸಿಕ್ಕವರು ಬಹಳ ಜನ. ಅವರಲ್ಲಿ ಅನೇಕರು ಇಲ್ಲೇ ಉಳಿದರು. 1910ರ ಹೊತ್ತಿಗೆ ಊರಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಕಪ್ಪು ಜನ. ಬಂದರಿನ ಹಮಾಲಿ, ರೈಲ್ವೆ, ಮರದ ಕಾರ್ಖಾನೆ, ಬಿಳಿಯರ ಮನೆಗೆಲಸ, ಎಲ್ಲದರ ಹಿಂದೆ ಅವರ ಕೈ.

ಯುದ್ಧ ಮುಗಿದ ಮೇಲೆ ಊರಿನ ಸುವರ್ಣಕಾಲ. 1870ರಲ್ಲಿ 6,267. 1880ರಲ್ಲಿ 9,011. 1890ರಲ್ಲಿ 10,324. 1900ರಲ್ಲಿ 12,566. 1910ರಲ್ಲಿ 14,548. ಹಿಟ್ಟಿನ ವ್ಯಾಪಾರಿ ಚಾರ್ಲ್ಸ್ ಗ್ಯಾಲಿಗರ್ ಕಟ್ಟಿಸಿದ ಮ್ಯಾಗ್ನೋಲಿಯಾ ಮ್ಯಾನರ್ ಅನ್ನೋ ಬಂಗಲೆ ಇವತ್ತೂ ಇದೆ. ಕಲ್ಲಿನ ಕಸ್ಟಮ್ ಹೌಸ್, 1884ರ ಲೈಬ್ರರಿ ಇವತ್ತೂ ಇವೆ. ಒಳ್ಳೇ ದಿನಗಳಲ್ಲಿ ಆ ಬೀದಿಗಳಲ್ಲಿ ಎಷ್ಟು ದುಡ್ಡು ಓಡಾಡಿತ್ತು ಅಂತ ಆ ಕಟ್ಟಡಗಳನ್ನು ನೋಡಿದರೇ ತಿಳಿಯುತ್ತೆ.

ಸೇತುವೆ ಕಟ್ಟಿದ್ದು ಯಾರಿಗೆ?

ಈಗ ಎಂಜಿನಿಯರ್‌ಗಳಿಗೆ ಇಷ್ಟವಾಗೋ ಭಾಗ. ಕೇರೋದ ಆದಾಯ ಎಲ್ಲಿಂದ ಬರ್ತಿತ್ತು? ಜನ, ಸರಕು ಇಲ್ಲಿಗೆ ಬಂದು ನಿಲ್ಲಲೇಬೇಕಾಗಿತ್ತು, ಅದರಿಂದ. ರೈಲು ಬರುತ್ತೆ, ನದಿ ಅಡ್ಡ. ಬೋಗಿಗಳನ್ನು ಫೆರಿಯ ಮೇಲೆ ಹತ್ತಿಸಿ ಆಚೆ ದಡಕ್ಕೆ ಸಾಗಿಸಬೇಕು. ಇಳಿಸೋಕೆ ಕೂಲಿ, ಹತ್ತಿಸೋಕೆ ಕೂಲಿ, ಕಾಯೋಕೆ ಲಾಡ್ಜ್, ಕಾಯುವಾಗ ಊಟ. ಅಂದರೆ ಊರು ಬದುಕಿದ್ದು ಅಡಚಣೆಯ ಮೇಲೆ.

1889ರ ಅಕ್ಟೋಬರ್‌ನಲ್ಲಿ ಇಲಿನಾಯ್ ಸೆಂಟ್ರಲ್ ಓಹಾಯೋ ನದಿಗೆ ಸೇತುವೆ ಕಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೋಹದ ಸೇತುವೆಗಳಲ್ಲಿ ಒಂದು. ಊರೆಲ್ಲ ಹಬ್ಬ. ಆದರೆ ಆ ದಿನದಿಂದ ರೈಲು ನಿಲ್ಲದೆಯೂ ಹೋಗಬಹುದಿತ್ತು. 1905ರಲ್ಲಿ ಉತ್ತರಕ್ಕೆ ಥೀಬ್ಸ್ ಅನ್ನೋ ಕಡೆ ಮಿಸಿಸಿಪ್ಪಿಗೆ ಇನ್ನೊಂದು ರೈಲು ಸೇತುವೆ ಆಯ್ತು, ಒಂದಷ್ಟು ರೈಲುಗಳು ಕೇರೋ ಮುಟ್ಟದೆ ಹೋದವು. 1929ರಲ್ಲಿ ಮಿಸಿಸಿಪ್ಪಿಗೆ ರಸ್ತೆ ಸೇತುವೆ, 1930ರ ದಶಕದಲ್ಲಿ ಓಹಾಯೋಗೂ ಒಂದು. ಕಾರಿನ ಫೆರಿಗೂ ಕೆಲಸವಿಲ್ಲ. ಕೊನೆಗೆ 1978ರಲ್ಲಿ ಇಂಟರ್‌ಸ್ಟೇಟ್ 57 ಹೆದ್ದಾರಿಯ ಸೇತುವೆ ಊರಿನ ಹೊರಗಿನಿಂದಲೇ ಮಿಸೌರಿಗೆ ಹಾರಿತು. ಊರೊಳಗೆ ಬರೋ ಕಾರಣವೇ ಹೋಯ್ತು. ನಾವು ಬರೆದ ಸಾಫ್ಟ್‌ವೇರ್‌ನಿಂದಲೂ ಇಂಥದ್ದು ನಡೆಯುತ್ತೆ ಅಲ್ವಾ? ಮಧ್ಯದ ಒಂದು ಹಂತ ತೆಗೆದುಹಾಕಿದರೆ ನಮಗೆ ಎಫಿಶಿಯೆನ್ಸಿ, ಆ ಹಂತದಲ್ಲಿ ಕೂತಿದ್ದವರಿಗೆ ಹೊಟ್ಟೆಪಾಡು.

ನೀರಿನ ಕಥೆ ಇದಕ್ಕಿಂತ ಹಳೇದು. ನದಿ ತುಂಬಿದಾಗ ಕೇರೋದ ನೆಲ ನೀರಿನ ಮಟ್ಟಕ್ಕಿಂತ ಕೆಳಗೆ. ಸುತ್ತ ಏರಿ. ನಮ್ಮ ಕೆರೆ ಏರಿ ನೀರನ್ನು ಒಳಗೆ ಹಿಡಿದಿಡುತ್ತೆ, ಇಲ್ಲಿ ಉಲ್ಟಾ, ಊರು ಒಳಗೆ, ನೀರು ಹೊರಗೆ. ಊರಿನ ಉತ್ತರದ ರಸ್ತೆಗೆ ದೊಡ್ಡ ಕಬ್ಬಿಣದ ಬಾಗಿಲಿದೆ. ಪ್ರವಾಹ ಬಂದರೆ ಅದನ್ನು ಇಳಿಸಿಬಿಡ್ತಾರೆ, ಊರು ಪೂರ್ತಿ ಬಟ್ಟಲಾಗುತ್ತೆ. ಏರಿ ಒಡೆಯದಿದ್ದರೂ ನೆಲದಡಿಯಿಂದ ನೀರು ಒಸರಿ ಅಂಗಳಗಳಲ್ಲಿ ನಿಲ್ಲುತ್ತೆ. 1858ರಲ್ಲಿ ಒಂದು ಸಲ ಏರಿಯೇ ಒಡೆದಿತ್ತು. ಇಂಥ ಕಡೆ ಕಾರ್ಖಾನೆ ಹಾಕೋಕೆ ಬಂಡವಾಳಗಾರ ಎರಡು ಸಲ ಯೋಚಿಸ್ತಾನೆ.

ಅಂದರೆ 1920ರ 15,203 ಅನ್ನೋ ಶಿಖರ ತಲುಪುವ ಮೊದಲೇ ಇಳಿಜಾರಿಗೆ ಬೇಕಾದ್ದೆಲ್ಲ ಸಿದ್ಧವಾಗಿತ್ತು. ಇದಿಷ್ಟೇ ಆಗಿದ್ದರೆ ಕೇರೋ ಕೂಡ ಸೊರಗಿದ ನೂರಾರು ನದಿ ಊರುಗಳಲ್ಲಿ ಒಂದಾಗಿ ಹೋಗ್ತಿತ್ತು.

1909ರ ಒಂದು ರಾತ್ರಿ

ಇಲ್ಲಿಂದ ಮುಂದೆ ಓದೋದು ಕಷ್ಟ. ಆದರೂ ಹೇಳಲೇಬೇಕು.

1909ರ ನವೆಂಬರ್‌ನಲ್ಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಬಿಳಿಯ ಯುವತಿಯ ಕೊಲೆಯಾಯ್ತು. ವಿಲ್ ಜೇಮ್ಸ್ ಎಂಬ ಕಪ್ಪು ಯುವಕನನ್ನು ಹಿಡಿದರು. ವಿಚಾರಣೆ ನಡೆಯಲಿಲ್ಲ. ನವೆಂಬರ್ 11ರಂದು ಸಾವಿರಾರು ಜನರ ಗುಂಪು ಶೆರಿಫ್ ಕೈಯಿಂದ ಅವನನ್ನು ಕಿತ್ತುಕೊಂಡಿತು. ಊರಿನ ಮುಖ್ಯ ವ್ಯಾಪಾರದ ಬೀದಿಯಲ್ಲಿ, ವಿದ್ಯುತ್ ದೀಪಗಳಿಂದ ಅಲಂಕರಿಸಿದ್ದ ಕಮಾನಿನ ಕೆಳಗೆ, ದೀಪ ಹಾಕಿ ನೇಣಿಗೇರಿಸಿದರು. ಹಗ್ಗ ಹರಿಯಿತು, ಗುಂಡಿಟ್ಟರು, ದೇಹ ಸುಟ್ಟರು. ಅದೇ ರಾತ್ರಿ ಜೈಲಿನಿಂದ ಒಬ್ಬ ಬಿಳಿಯ ಕೈದಿಯನ್ನೂ ಎಳೆತಂದು ಕೊಂದರು. ಈ ದೃಶ್ಯಗಳ ಫೋಟೋ ಪೋಸ್ಟ್‌ಕಾರ್ಡ್ ಆಗಿ ಮಾರಾಟವಾದವು.

ಇಲಿನಾಯ್‌ನಲ್ಲಿ 1905ರ ಒಂದು ಕಾನೂನಿತ್ತು: ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಶೆರಿಫ್ ಹುದ್ದೆ ಕಳೆದುಕೊಳ್ತಾನೆ. ಗವರ್ನರ್ ಡೆನೀನ್ ಅವನನ್ನು ವಜಾ ಮಾಡಿದರು. ಶೆರಿಫ್ ಮತ್ತೆ ಹುದ್ದೆ ಕೇಳಿ ಅರ್ಜಿ ಹಾಕಿದ. ಆಗ ಪತ್ರಕರ್ತೆ ಐಡಾ ಬಿ. ವೆಲ್ಸ್ ಶಿಕಾಗೋದಿಂದ ಕೇರೋಗೆ ಬಂದು, ಜನರನ್ನು ಮಾತಾಡಿಸಿ, ಸಾಕ್ಷ್ಯ ಕಲೆಹಾಕಿ, ಗವರ್ನರ್ ಮುಂದೆ ವಾದ ಮಾಡಿದರು. ಎದುರಿಗೆ ಶೆರಿಫ್ ಪರ ಊರಿನ ದೊಡ್ಡ ಮನುಷ್ಯರು. ಗೆದ್ದಿದ್ದು ವೆಲ್ಸ್. ಶೆರಿಫ್‌ಗೆ ಹುದ್ದೆ ವಾಪಸ್ ಸಿಗಲಿಲ್ಲ.

ಆ ರಾತ್ರಿಯ ನಂತರವೂ ಜನಸಂಖ್ಯೆ ಹನ್ನೊಂದು ವರ್ಷ ಏರುತ್ತಲೇ ಹೋಯ್ತು. ಅಂಕಿಯಲ್ಲಿ ಎಲ್ಲವೂ ತಕ್ಷಣ ಕಾಣಿಸಲ್ಲ. ಆದರೆ ಈ ಊರು ಯಾರದ್ದು, ಯಾರು ಇಲ್ಲಿ ಬರೀ ಕೆಲಸಕ್ಕೆ ಮಾತ್ರ ಅನ್ನೋದು ಆ ಕಮಾನಿನ ಕೆಳಗೆ ಎಲ್ಲರಿಗೂ ತಿಳಿಯುವಂತೆ ಹೇಳಿಯಾಗಿತ್ತು.

ಈಜುಕೊಳಕ್ಕೆ ಕಾಂಕ್ರೀಟ್

ಐವತ್ತು ವರ್ಷ ಮುಂದೆ ಹೋಗೋಣ. 1960. ಜನಸಂಖ್ಯೆ 9,348ಕ್ಕೆ ಇಳಿದಿದೆ. ಶಾಲೆ, ವಸತಿ, ಹೋಟೆಲ್, ಎಲ್ಲ ಕಡೆ ಬಿಳಿಯರಿಗೊಂದು ಕಪ್ಪು ಜನರಿಗೊಂದು ಅನ್ನೋದು ರೂಢಿ. ಅಂಗಡಿಯಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದು, ಗಲ್ಲಾದ ಹಿಂದೆ ನಿಲ್ಲೋ ಕೆಲಸ ಸಿಗಲ್ಲ.

1962ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಮುಂದೆ ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿ ಹೆಸರಾದ ಜಾನ್ ಲೂಯಿಸ್ ಕೂಡ ಬಂದಿದ್ದರು. ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಈಜುಕೊಳದ ಮುಂದೆ ಅವರು ಮಂಡಿಯೂರಿ ಪ್ರಾರ್ಥಿಸುತ್ತಿರುವ ಫೋಟೋ ತೆಗೆದವರು ಡ್ಯಾನಿ ಲಯನ್. ಆ ಫೋಟೋ ಚಳವಳಿಯ ಪೋಸ್ಟರ್ ಆಯ್ತು. ಈಜುಕೊಳ ಏನಾಯ್ತು ಗೊತ್ತಾ? ಎಲ್ಲರಿಗೂ ತೆರೆಯೋ ಬದಲು ಮುಚ್ಚಿದರು, ಆಮೇಲೆ ಅದಕ್ಕೆ ಕಾಂಕ್ರೀಟ್ ತುಂಬಿಸಿದರು. ಬೇಸಿಗೆಯಲ್ಲಿ ಕುದಿಯೋ ಊರು, ಎರಡೂ ಕಡೆ ಎಳೆಯುವ ಅಪಾಯದ ನದಿ, ಮಕ್ಕಳಿಗೆ ಇದ್ದ ಒಂದು ಕೊಳ. ನಿಮಗೂ ಇಲ್ಲ, ನಮಗೂ ಬೇಡ. ಮುಂದಿನ ಹತ್ತು ವರ್ಷದ ಕೇರೋ ಅರ್ಥ ಆಗೋಕೆ ಇದೊಂದು ಘಟನೆ ಸಾಕು.

1967ರ ಜುಲೈನಲ್ಲಿ ರಜೆಯ ಮೇಲೆ ಬಂದಿದ್ದ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕ. ಪೊಲೀಸರು ಆತ್ಮಹತ್ಯೆ ಅಂದರು. ಕಪ್ಪು ಜನ ನಂಬಲಿಲ್ಲ. ಗಲಭೆಯಾಯ್ತು, ನ್ಯಾಷನಲ್ ಗಾರ್ಡ್ ಪಡೆ ಬಂತು. ಬಿಳಿಯರು ಬಿಳಿ ಟೋಪಿ ಹಾಕಿ ಬಂದೂಕು ಹಿಡಿದ ಕಾವಲು ಪಡೆ ಕಟ್ಟಿಕೊಂಡರು. ಏರಿಯ ಮೇಲಿನಿಂದ ಕಪ್ಪು ಜನರ ವಸತಿ ಸಮುಚ್ಚಯದ ಮೇಲೆ ರಾತ್ರಿ ಗುಂಡು ಹಾರುತ್ತಿತ್ತು. ನದಿಯಿಂದ ಕಾಪಾಡೋಕೆ ಕಟ್ಟಿದ ಏರಿ ಅದು.

1969ರಲ್ಲಿ ರೆವರೆಂಡ್ ಚಾರ್ಲ್ಸ್ ಕೋಯೆನ್ ಮುಂದಾಳತ್ವದ ಯುನೈಟೆಡ್ ಫ್ರಂಟ್ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿತು. ಮುಖ್ಯ ಬೇಡಿಕೆ: ನಮ್ಮ ದುಡ್ಡು ತಗೊಳ್ಳೋ ಅಂಗಡಿಯಲ್ಲಿ ನಮಗೂ ಕೆಲಸ ಕೊಡಿ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ಕೆಲಸ ಕೊಡೋದಕ್ಕಿಂತ ಬಾಗಿಲು ಹಾಕೋದೇ ವಾಸಿ ಅಂತ ಎಷ್ಟೋ ಅಂಗಡಿಯವರು ಮುಚ್ಚಿಕೊಂಡು ಹೋದರು. ಕೊಳಕ್ಕೆ ತುಂಬಿದ ಕಾಂಕ್ರೀಟ್ ಇಡೀ ಬೀದಿಗೆ ತುಂಬಿದ ಹಾಗಾಯ್ತು.

ಈಗ ಕಾಲಂ ನೋಡೋಣ

ಶಿಖರದಿಂದ ಇವತ್ತಿನವರೆಗಿನ ಜನಗಣತಿ ಹೀಗಿದೆ:

1920: 15,203
1930: 13,532
1940: 14,407
1950: 12,123
1960: 9,348
1970: 6,277
1980: 5,931
1990: 4,846
2000: 3,632
2010: 2,831
2020: 1,733

"ಬಹಿಷ್ಕಾರದಿಂದ ಊರು ಸತ್ತಿತು" ಅನ್ನೋ ಮಾತನ್ನು ಇದರ ಪಕ್ಕ ಇಟ್ಟು ನೋಡಿ. 1920ರಿಂದ 1960ರ ಒಳಗೇ 5,855 ಜನ ಕಡಿಮೆಯಾಗಿದ್ದಾರೆ, ಶೇಕಡಾ 38ಕ್ಕಿಂತ ಹೆಚ್ಚು. ಆಗ ಬಹಿಷ್ಕಾರ ಯಾರ ಕನಸಿನಲ್ಲೂ ಇರಲಿಲ್ಲ. 1960ರ ದಶಕದಲ್ಲಿ ಮೂರನೇ ಒಂದು ಭಾಗ ಜನ ಹೋದರು, ನಿಜ. ಆದರೆ ಬಹಿಷ್ಕಾರ ಶುರುವಾಗಿದ್ದು ಆ ದಶಕದ ಕೊನೆಯ ವರ್ಷದಲ್ಲಿ. ಬಹಿಷ್ಕಾರ ಬಹುಪಾಲು ನಡೆದ 1970ರ ದಶಕದಲ್ಲಿ ಕಡಿಮೆಯಾದವರು 346 ಮಂದಿ. ಶೇಕಡಾ 5.5. 1950ರ ನಂತರದ ಏಳು ದಶಕಗಳಲ್ಲಿ ಅತಿ ಕಡಿಮೆ ಇಳಿಕೆ ಅದೇ!

ನಮ್ಮ ಕೆಲಸದಲ್ಲಿ ಇದು ಗೊತ್ತಿರೋ ರೋಗ. ರಾತ್ರಿ ಸರ್ವರ್ ಬಿದ್ದರೆ ಮೊದಲು ಬೆರಳು ತೋರಿಸೋದು ಕೊನೆಯ ಕಮಿಟ್ ಮಾಡಿದವನ ಕಡೆ. ಲಾಗ್ ತೆಗೆದು ಹಿಂದಕ್ಕೆ ಹೋದರೆ ಮೆಮೊರಿ ಸೋರಿಕೆ ಆರು ತಿಂಗಳಿಂದ ಇರುತ್ತೆ. ಕೇರೋದಲ್ಲಿ ಸೋರಿಕೆ ಶುರುವಾಗಿದ್ದು ಸೇತುವೆಗಳ ಕಾಲದಲ್ಲಿ. ದೂರು ಕೊಟ್ಟವರೇ ಕೊನೆಗೆ ಅಪರಾಧಿಗಳಾದರು.

ಹಾಗಂತ ಜನಾಂಗ ದ್ವೇಷಕ್ಕೂ ಊರು ಖಾಲಿಯಾಗಿದ್ದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸೇತುವೆ ಬಂದು ಬಡವಾದ ಊರುಗಳು ಬೇಕಾದಷ್ಟಿವೆ. ಕೆಲವು ಅಲ್ಲಿಗೇ ತಡೆದು ನಿಂತವು, ಸಣ್ಣದಾದರೂ ಉಳಿದವು. ಉಳಿಯೋಕೆ ಇದ್ದಬದ್ದದ್ದನ್ನು ಹಂಚಿಕೊಳ್ಳಬೇಕು. ಕೇರೋದಲ್ಲಿ ಅಧಿಕಾರ, ಅಂಗಡಿ, ಕೆಲಸ ಹಿಡಿದಿದ್ದವರು ಹಂಚೋದಕ್ಕಿಂತ ಬಿಟ್ಟುಹೋಗೋದನ್ನು ಆರಿಸಿಕೊಂಡರು. ನಗರಸಭೆಗೆ ಊರಿಡೀ ಒಂದೇ ಕ್ಷೇತ್ರ ಅನ್ನೋ ಚುನಾವಣಾ ಪದ್ಧತಿ ಇತ್ತು. ಅದರಲ್ಲಿ ಕಪ್ಪು ಜನ ಗೆಲ್ಲೋಕೆ ಆಗ್ತಿರಲಿಲ್ಲ. ಅದು ವಾರ್ಡ್‌ವಾರು ಆಗಿದ್ದು 1980ರಲ್ಲಿ, ಅದೂ ಕೋರ್ಟ್ ಮೂಲಕ. ಅಂದರೆ ಊರು ನಡೆಸೋ ಅವಕಾಶ ಕಪ್ಪು ಜನರಿಗೆ ಸಿಕ್ಕಿದ್ದು ಊರಿನಲ್ಲಿ ನಡೆಸೋಕೆ ಹೆಚ್ಚೇನೂ ಉಳಿಯದಿದ್ದಾಗ. 1986ರಲ್ಲಿ ಆಸ್ಪತ್ರೆಯೂ ಮುಚ್ಚಿತು.

ಕೊನೆಯ ದೊಡ್ಡ ಇಳಿಕೆ

ಕಾಲಂನ ಕೊನೆಯ ಎರಡು ಸಾಲು ಮತ್ತೆ ನೋಡಿ. 2,831ರಿಂದ 1,733. ಶೇಕಡಾ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲೇ ದೊಡ್ಡ ಕುಸಿತ, ಸುಮಾರು 39. ಆ ಹತ್ತು ವರ್ಷದಲ್ಲಿ ಇಡೀ ಅಮೆರಿಕದ ಕೌಂಟಿಗಳ ಪೈಕಿ ಅತಿ ಹೆಚ್ಚು ಪ್ರಮಾಣದಲ್ಲಿ ಜನ ಕಳೆದುಕೊಂಡದ್ದು ಕೇರೋ ಇರುವ ಅಲೆಗ್ಸಾಂಡರ್ ಕೌಂಟಿ. ಆಗ ಬೀದಿಯಲ್ಲಿ ಗುಂಡಿನ ಸದ್ದಿರಲಿಲ್ಲ, ಟಿವಿ ಕ್ಯಾಮೆರಾಗಳೂ ಹೆಚ್ಚಿರಲಿಲ್ಲ.

2011ರ ಮೇ ತಿಂಗಳಲ್ಲಿ ನದಿ 61.72 ಅಡಿಗೆ ಏರಿತು, ಅಲ್ಲಿಯವರೆಗಿನ ದಾಖಲೆ. 1937ರ ಮಹಾಪ್ರವಾಹದಲ್ಲೂ 59.5 ಅಡಿಯಷ್ಟೇ ಬಂದಿತ್ತು. ಕೇರೋ ಉಳಿಸೋಕೆ ಒಂದು ದಾರಿ ಇತ್ತು. ಎದುರಿನ ಮಿಸೌರಿಯಲ್ಲಿ ಬರ್ಡ್ಸ್ ಪಾಯಿಂಟ್ ಬಳಿ ಏರಿಗೆ ಸ್ಫೋಟಕ ಇಟ್ಟು, ಪ್ರವಾಹವನ್ನು ಸುಮಾರು 1,30,000 ಎಕರೆ ಹೊಲಕ್ಕೆ ಬಿಡೋದು. ಇದಕ್ಕಾಗಿಯೇ 1928ರ ಕಾನೂನಿನಲ್ಲಿ ಆ ಜಾಗ ಗುರುತಾಗಿತ್ತು. 1937ರಲ್ಲಿ ಹಾಗೇ ಮಾಡಿದ್ದರು. ಮಿಸೌರಿ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ತಡೆ ಸಿಗಲಿಲ್ಲ. ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಅಂತ ಕೇಳಿದಾಗ ಅಲ್ಲಿನ ಒಬ್ಬ ಹಿರಿಯ ಶಾಸಕ ಕೇರೋ ಅಂದುಬಿಟ್ಟು, ಆಮೇಲೆ ಕ್ಷಮೆ ಕೇಳಬೇಕಾಯ್ತು. ಮೇ 2ರ ರಾತ್ರಿ ಸೇನೆಯ ಎಂಜಿನಿಯರ್‌ಗಳು ಏರಿ ಸಿಡಿಸಿದರು. ಕೇರೋ ಉಳಿಯಿತು. ಆ ಹೊಲಗಳ ನಡುವೆ ಪಿನ್‌ಹುಕ್ ಅನ್ನೋ ಪುಟ್ಟ ಹಳ್ಳಿ ಇತ್ತು, ಕಪ್ಪು ರೈತರು ಕಟ್ಟಿಕೊಂಡದ್ದು. ಅದು ಹಾಳಾಯ್ತು. ಒಂದು ಊರು ಉಳಿದ ಲೆಕ್ಕದಲ್ಲಿ ಅದನ್ನೂ ಬರೆಯಬೇಕು.

ನದಿ ಬಿಟ್ಟ ಊರನ್ನು ಕಟ್ಟಡ ಬಿಡಲಿಲ್ಲ. 1940ರ ದಶಕದಲ್ಲಿ ಕಟ್ಟಿದ ಎಲ್ಮ್‌ವುಡ್, ಮೆಕ್‌ಬ್ರೈಡ್ ಅನ್ನೋ ಎರಡು ಸರ್ಕಾರಿ ವಸತಿ ಸಮುಚ್ಚಯಗಳನ್ನು ನೋಡಿಕೊಳ್ಳಬೇಕಾದ ಪ್ರಾಧಿಕಾರ ವರ್ಷಗಟ್ಟಲೆ ನೋಡಿಕೊಳ್ಳಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. 2017ರ ಏಪ್ರಿಲ್‌ನಲ್ಲಿ, ರಿಪೇರಿ ಸಾಧ್ಯವಿಲ್ಲ, ಖಾಲಿ ಮಾಡಿ ಅಂದಿತು. ಸುಮಾರು 400 ಜನ, ಅರ್ಧದಷ್ಟು ಮಕ್ಕಳು. ಬೇರೆ ಕಡೆ ಬಾಡಿಗೆ ಕಟ್ಟೋಕೆ ವೋಚರ್ ಕೊಟ್ಟರು. ಆದರೆ ಕೇರೋದಲ್ಲಿ ಬಾಡಿಗೆಗೆ ಮನೆಯೇ ಇರಲಿಲ್ಲ. ಹೋಗಬೇಕಾಗಿದ್ದು ಬೇರೆ ಊರಿಗೆ, ಅನೇಕರಿಗೆ ಬೇರೆ ರಾಜ್ಯಕ್ಕೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾವು ಊರು ಬಿಟ್ಟಿದ್ದು ಆಫರ್ ಲೆಟರ್ ಹಿಡಿದುಕೊಂಡು. ಹಿಂದೆ ಅಪ್ಪ ಅಮ್ಮ, ಮನೆ, ಜಾತ್ರೆಗೆ ಹೋಗೋಕೆ ಒಂದು ಊರು ಹಾಗೇ ಉಳಿದಿತ್ತು. ಜನಗಣತಿಯವನಿಗೆ ನಾವೂ ಒಂದು 'ಕಡಿಮೆ', ಕೇರೋದ ಆ ಮಗುವೂ ಒಂದು 'ಕಡಿಮೆ'. ಅಂಕಿ ಎರಡನ್ನೂ ಒಂದೇ ಥರ ಬರೆಯುತ್ತೆ. ಅದಕ್ಕೇ ಜನಸಂಖ್ಯೆ ಇಳೀತು ಅಂತ ಕೇಳಿದಾಗ ಹೋದರೋ ಕಳಿಸಲಾಯ್ತೋ ಅಂತ ಇನ್ನೊಂದು ಪ್ರಶ್ನೆ ಕೇಳಬೇಕು.

ಉಳಿದ 1,733

ಉಳಿದವರಲ್ಲಿ ಹತ್ತರಲ್ಲಿ ಸುಮಾರು ಏಳು ಜನ ಕಪ್ಪು ಜನ, ಯುದ್ಧಕಾಲದಲ್ಲಿ ಇಲ್ಲಿ ಸ್ವಾತಂತ್ರ್ಯ ಹುಡುಕಿಕೊಂಡು ಬಂದವರ ವಂಶದವರೂ ಅವರಲ್ಲಿದ್ದಾರೆ. 2015ರಲ್ಲಿ ಊರಿನ ದಿನಸಿ ಅಂಗಡಿ ಮುಚ್ಚಿತು. ತಾಜಾ ತರಕಾರಿಗೆ ನದಿ ದಾಟಿ ಬೇರೆ ರಾಜ್ಯಕ್ಕೆ ಹೋಗುವ ಪರಿಸ್ಥಿತಿ. 2023ರಲ್ಲಿ ಊರಿನವರೇ ಸಹಕಾರಿ ಪದ್ಧತಿಯಲ್ಲಿ ರೈಸ್ ಕಮ್ಯುನಿಟಿ ಮಾರ್ಕೆಟ್ ಅನ್ನೋ ಅಂಗಡಿ ತೆರೆದರು. ಸದಸ್ಯರೇ ಮಾಲೀಕರು. 1969ರಲ್ಲಿ ಗಲ್ಲಾದ ಹಿಂದೆ ನಿಲ್ಲೋ ಒಂದು ಕೆಲಸ ಕೇಳಿದ್ದಕ್ಕೆ ಬಾಗಿಲು ಹಾಕಿದ ಊರು ಇದು ಅನ್ನೋದನ್ನು ನೆನಪಿಟ್ಟುಕೊಂಡು ಈ ಸಾಲನ್ನು ಇನ್ನೊಮ್ಮೆ ಓದಿ.

ಇನ್ನೊಂದು ಕಡೆ ಹಳೇ ಲೊಕೇಶನ್ ಕನಸು ಸತ್ತಿಲ್ಲ. ಇವತ್ತೂ ಕೇರೋ ಮುಂದೆ ಜೋಳ, ಸೋಯಾ, ಕಲ್ಲಿದ್ದಲು ಹೊತ್ತ ಬಾರ್ಜ್‌ಗಳು ಸಾಲುಸಾಲಾಗಿ ಹಾದುಹೋಗುತ್ತವೆ, ನಿಲ್ಲೋದಿಲ್ಲ. ಅವನ್ನು ನಿಲ್ಲಿಸೋಕೆ ಹೊಸ ನದಿ ಬಂದರು ಕಟ್ಟಬೇಕು ಅಂತ ವರ್ಷಗಳಿಂದ ಯೋಜನೆ ನಡೀತಿದೆ. ರಾಜ್ಯ ಸರ್ಕಾರ 4 ಕೋಟಿ ಡಾಲರ್ ಕೊಡೋದಾಗಿ ಹೇಳಿದೆ. ಹೋಲ್‌ಬ್ರುಕ್‌ನ ಪಿಚ್ ಡೆಕ್ ನೋಡಿದವರಿಗೆ ಅನುಮಾನ ಬರೋದು ಸಹಜ. ಆದರೆ ಈ ಸಲ ಕೇಳಬೇಕಾದ ಪ್ರಶ್ನೆ ಬಂದರು ಎಲ್ಲಿ ಅನ್ನೋದಲ್ಲ, ಅದು ಇನ್ನೂರು ವರ್ಷದಿಂದ ಗೊತ್ತಿದೆ. ಅಲ್ಲಿ ಕೆಲಸ ಯಾರಿಗೆ ಸಿಗುತ್ತೆ ಅನ್ನೋದು.

ಫೋರ್ಟ್ ಡಿಫಾಯನ್ಸ್ ಇದ್ದ ಜಾಗ ಈಗ ಪಾರ್ಕ್. ತುದಿಯಲ್ಲಿ ನಿಂತರೆ ಎರಡು ನದಿ ಸೇರೋದು ಕಣ್ಣಿಗೆ ಕಾಣುತ್ತೆ. ಮಿಸಿಸಿಪ್ಪಿಯ ನೀರು ಮಣ್ಣಿನ ಬಣ್ಣ, ಓಹಾಯೋದ್ದು ಸ್ವಲ್ಪ ತಿಳಿ, ಬಹಳ ದೂರ ಒಂದಾಗದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಸಾಮಾನ್ಯವಾಗಿ ಇಲ್ಲಿ ಹೆಚ್ಚು ನೀರು ತರೋದು ಓಹಾಯೋ, ಆದರೆ ಮುಂದೆ ಹೆಸರು ಉಳಿಯೋದು ಮಿಸಿಸಿಪ್ಪಿಯದ್ದು. ಶಿಕಾಗೋ ಅಥವಾ ಸೇಂಟ್ ಲೂಯಿಸ್‌ನಲ್ಲಿ ಆನ್‌ಸೈಟ್ ಇರೋರು, ಅಲ್ಲಿಂದ ದಕ್ಷಿಣಕ್ಕೆ ಡ್ರೈವ್ ಮಾಡುವಾಗ ಇಂಟರ್‌ಸ್ಟೇಟ್ 57ರಿಂದ ಒಂದು ಎಕ್ಸಿಟ್ ತಗೊಂಡರೆ ಸಾಕು. ಖಾಲಿ ಬೀದಿಯ ಫೋಟೋ ತೆಗೆದು 'ಘೋಸ್ಟ್ ಟೌನ್' ಅಂತ ಹಾಕೋರು ಬೇಕಾದಷ್ಟು ಜನ ಇದ್ದಾರೆ. ನೀವು ಹೋದರೆ ಆ ಸಹಕಾರಿ ಅಂಗಡಿ ತೆರೆದಿದೆಯಾ ನೋಡಿ, ತೆರೆದಿದ್ದರೆ ಒಂದು ನೀರಿನ ಬಾಟಲಿ, ಎರಡು ಬಾಳೆಹಣ್ಣು ತಗೊಂಡು ಬನ್ನಿ. ಊರಲ್ಲಿ ಇನ್ನೂ ಜನ ಇದ್ದಾರೆ.

ಮುಂದಿನ ವಾರ ಸಿಗೋಣ. ನಮಸ್ಕಾರ.